ಎನೋಕ್ ಸಗ್ಡನ್ ನಿಲ್ಲಿಸದ ಗಡಿಯಾರ

ನಿಮ್ಮ ಗಂಡನದು ಏನು ಕೆಲಸ ಎಂದು ಯಾರಾದರೂ ಕೇಳಿದರೆ ಡಾರ್ಕಸ್ ಸಗ್ಡನ್ "ಗಡಿಯಾರದ್ದು" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೂ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯನ ಅಂಗಿಗೆ ಆಮ್ಲ ಬಿದ್ದು ಆದ ತೂತುಗಳಿಗೆ ತೇಪೆ ಹಾಕಿದ್ದಳು, ಅಡುಗೆಮನೆಯ ಮೇಜಿನ ಮೇಲಿನ ತಾಮ್ರದ ತಂತಿಗಳನ್ನು ಸರಿಸಿ ಓಟ್ಸ್ ರೊಟ್ಟಿಗೆ ಜಾಗ ಮಾಡಿದ್ದಳು, ಅವನು ವಿವರಿಸಿದಾಗಲೆಲ್ಲ ತಲೆಯಾಡಿಸಿದ್ದಳು. ಆದರೆ ಹೊತ್ತು ಎನ್ನುವುದು ತಂತಿಯೊಳಗೆ ಹೊಕ್ಕು ಊರೆಲ್ಲ ಹೇಗೆ ಓಡಾಡುತ್ತದೆ ಎಂಬುದು ಮಾತ್ರ ಅವಳ ತಲೆಗೆ ಹೋಗಲೇ ಇಲ್ಲ.

ಅವಳಿಗೆ ಗೊತ್ತಿದ್ದ ವಿಜ್ಞಾನ ಒಂದೇ, ನೀರು ಹಾಕುವುದು. ಎನೋಕ್ ಹಿತ್ತಲಿನ ಎಲೆಕೋಸಿನ ಪಾತಿ ಅಗೆದು ಸತುವಿನ ತಗಡುಗಳನ್ನೂ ಸುಟ್ಟ ಕಲ್ಲಿದ್ದಲಿನ ಗಟ್ಟಿಗಳನ್ನೂ ಹೂತಿದ್ದ. ಒದ್ದೆ ಮಣ್ಣಿನಲ್ಲಿ ಅವು ಎದುರುಬದುರು ಕೂತಿದ್ದರೆ ವಿದ್ಯುತ್ತು ಹುಟ್ಟುತ್ತದಂತೆ, ಗಡಿಯಾರಕ್ಕೆ ಅದೇ ಆಹಾರವಂತೆ. ಮಣ್ಣು ಒಣಗಬಾರದು. ಬೇಸಿಗೆಯ ಸಂಜೆ ಡಾರ್ಕಸ್ ನೀರಿನ ಡಬ್ಬ ಹಿಡಿದು ಹಿತ್ತಲಿಗೆ ಹೊರಟರೆ ಪಕ್ಕದ ಮನೆಯ ಕೆಜಾಯಾ ಗೋಡೆಯಾಚೆಯಿಂದ, "ಗಂಟೆ ಗಿಡಕ್ಕೆ ನೀರೇನೆ? ಈ ವರ್ಷ ಫಸಲು ಹೇಗಿದೆ?" ಎಂದು ಕೂಗುತ್ತಿದ್ದಳು. ಕೆಜಾಯಾ ಹರೆಯದಿಂದ ಮುಪ್ಪಿನವರೆಗೆ ಗಿರಣಿಯ ಮಗ್ಗಗಳ ನಡುವೆ ನಿಂತು ಕಿವಿ ಕಳೆದುಕೊಂಡವಳು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ತಾನು ಬಾಯಿ ತೆರೆದರೆ ಬೀದಿಯ ಆ ತುದಿಗೂ ಕೇಳುತ್ತಿತ್ತು.

ಎನೋಕ್ ಹುಟ್ಟಿದ್ದೂ ಅದೇ ಗಿರಣಿಯ ನೆರಳಿನಲ್ಲಿ. ಆಗ ನಮ್ಮ ಬ್ರಿಗ್‌ಡೇಲ್ ಊರಿನಲ್ಲಿ ಎರಡು ಹೊತ್ತುಗಳಿದ್ದವು. ದೇವರು ಕೊಟ್ಟದ್ದು ಒಂದು, ಗಿರಣಿಯ ಮಾಲೀಕರು ಕೊಟ್ಟದ್ದು ಇನ್ನೊಂದು. ಗಿರಣಿಯ ಗಡಿಯಾರ ಬೆಳಿಗ್ಗೆ ಮುಂದೆ ಓಡುತ್ತಿತ್ತು, ಸಂಜೆ ಹಿಂದೆ ಬೀಳುತ್ತಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಎನೋಕ್‌ನ ತಾಯಿ ಏದುಸಿರು ಬಿಡುತ್ತ ಬಂದು ನಿಂತರೆ ಗೇಟು ಮುಚ್ಚಿತ್ತು. ಅವಳು ಬಂದು ನಿಂತ ಮೇಲೆ ಚರ್ಚಿನಲ್ಲಿ ಆರು ಹೊಡೆಯಿತು. ಅವತ್ತಿನ ಕೂಲಿ ಹೋಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಗೇಟಿನ ಮೇಲಿನ ಗಡಿಯಾರವನ್ನೊಮ್ಮೆ, ಚರ್ಚಿನ ಗೋಪುರವನ್ನೊಮ್ಮೆ ನೋಡುತ್ತ, ಯಾವುದನ್ನು ನಂಬಬೇಕೋ ತಿಳಿಯದೆ ಪೆದ್ದಿಯ ಹಾಗೆ ನಿಂತಳು. ಅವಳ ಶಾಲಿನ ತುದಿ ಹಿಡಿದುಕೊಂಡಿದ್ದ ಮಗ ಆ ನೋಟವನ್ನು ಸಾಯುವತನಕ ಮರೆಯಲಿಲ್ಲ.

ಅವನು ಹ್ಯಾಲಿಫ್ಯಾಕ್ಸಿನ ಒಬ್ಬ ಗಡಿಯಾರದವನ ಬಳಿ ಕೆಲಸಕ್ಕೆ ಸೇರಿ ಚಕ್ರ ಉಜ್ಜುವುದನ್ನು ಕಲಿತ, ವಿದ್ಯುತ್ತಿನ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದ, ಊರಿಗೆ ಮರಳಿ ಡಾರ್ಕಸ್‌ಳನ್ನು ಮದುವೆಯಾದ. ಆಮೇಲೆ ಅವನ ಬಾಯಲ್ಲಿ ಒಂದೇ ಮಾತು. ಊರಿಗೆಲ್ಲ ಒಂದೇ ಗಡಿಯಾರ ಇರಬೇಕು. ಅದು ಯಾರಿಗೂ ಕೂಲಿ ಕೊಡದ, ಯಾರಿಂದಲೂ ಕೂಲಿ ತೆಗೆದುಕೊಳ್ಳದ ಮನೆಯಲ್ಲಿರಬೇಕು. ಉಳಿದ ಕಡೆ ಬರೀ ಮುಖ ಮತ್ತು ಮುಳ್ಳು. ಒಳಗಡೆ ಕೀಲಿ ಇಲ್ಲ, ತಿರುಪು ಇಲ್ಲ, ತಂತಿಯಲ್ಲಿ ಬಂದ ಹಾಗೆ ಮುಳ್ಳು ಹೆಜ್ಜೆ ಹಾಕಬೇಕು ಅಷ್ಟೆ.

"ಕದಿಯೋದಕ್ಕೆ ಕೈಗೇ ಸಿಗಬಾರದು. ಅಂಥ ಹೊತ್ತು ಮಾಡ್ತೀನಿ ಡಾರ್ಕಸ್," ಎನ್ನುತ್ತಿದ್ದ.

"ಮಾಡಪ್ಪ. ಮೊದಲು ಟೀ ಕುಡಿ, ಆರ್ತಾ ಇದೆ."

ಲೀಡ್ಸಿಗೆ ಹೋಗಿ ದೊಡ್ಡವರ ಮುಂದೆ ಭಾಷಣ ಮಾಡಿ ಬಂದ. ಅವನ ಗಿರಣಿ ಬೀದಿಯ ಮಾತಿಗೆ ಅವರು ನಕ್ಕರು, ಯಂತ್ರಕ್ಕೆ ನಗಲಿಲ್ಲ. ಕೊನೆಗೆ ನಮ್ಮ ಪುರಸಭೆಯವರು, ಪಕ್ಕದ ಊರಿನವರಿಗಿಂತ ಮೊದಲು ಮಾಡಬೇಕೆಂಬ ಒಂದೇ ಹಟಕ್ಕೆ, ಹೂಂ ಅಂದರು. ಸಗ್ಡನ್ ಮನೆಯ ನಡುಮನೆಯಲ್ಲಿ ಆಳೆತ್ತರದ ಗಡಿಯಾರ ನಿಂತಿತು. ಅದರ ಲೋಲಕ ಆಡಿದ ಹಾಗೆ ಸಂತೆಪೇಟೆ, ಚರ್ಚು, ಶಾಲೆ, ರೈಲು ನಿಲ್ದಾಣ, ಗಿರಣಿ ಎಲ್ಲ ಕಡೆ ಮುಳ್ಳುಗಳು ಒಟ್ಟಿಗೆ ಮುಂದೆ ಸರಿದವು. ಚರ್ಚಿನ ಹಳೆಯ ಗಡಿಯಾರದ ಹೊಟ್ಟೆಯೊಳಗಿನ ಕಬ್ಬಿಣವನ್ನೆಲ್ಲ ಗುಜರಿಗೆ ಹಾಕಿದರು. ಬ್ಯಾಂಡು ಬಾರಿಸಿದರು. ಎನೋಕ್ ಕುತ್ತಿಗೆಗೆ ಹೊಸ ಟೈ ಬಿಗಿದುಕೊಂಡು, "ನಾನು ಬದುಕಿರೋ ತನಕ ಇದು ನಿಲ್ಲೋದಿಲ್ಲ," ಎಂದ. ಮನೆಯಲ್ಲಿ ಡಾರ್ಕಸ್ ಅದರ ಗಾಜು ಒರೆಸಲು ಹೋದರೂ ಅವನು ಕುರ್ಚಿಯಿಂದ ಅರ್ಧ ಏಳುತ್ತಿದ್ದ.

ಗೊಣಗಾಟ ಶುರುವಾದದ್ದು ಆಮೇಲೆ. ನೇಯುವ ಹೆಂಗಸರು, ಮಧ್ಯಾಹ್ನದ ಮೇಲೆ ಗಿರಣಿಯ ಹೊತ್ತು ಹಳೆಯ ಕಾಲದ ಹಾಗೇ ಎಳೆಯುತ್ತದೆ ಎಂದರು. ಗಿರಣಿಯೊಳಗೆ ಜೇಬುಗಡಿಯಾರ ತರಬಾರದೆಂದು ಕಟ್ಟಪ್ಪಣೆ. ಆರಕ್ಕೆ ಬಿಟ್ಟಿದ್ದನ್ನು ನೋಡಿಕೊಂಡು ಏರು ದಾರಿ ಹತ್ತಿ ಸಂತೆಪೇಟೆಗೆ ಬಂದರೆ ಅಲ್ಲಿ ಆರೂಕಾಲು ಮೀರಿರುತ್ತಿತ್ತು. ದಾರಿಗೆ ಎಷ್ಟು ಹಿಡಿಯಿತು, ಗಡಿಯಾರ ಎಷ್ಟು ನುಂಗಿತು ಎಂದು ಹೇಳುವವರು ಯಾರು? ಒಬ್ಬಳು ಸರಸರ ನಡೆಯುವವಳು, ಇನ್ನೊಬ್ಬಳು ಮೂಲೆ ಮೂಲೆಗೆ ನಿಂತು ಹರಟುವವಳು. ಒಬ್ಬಳ ಲೆಕ್ಕ ಇನ್ನೊಬ್ಬಳಿಗೆ ಕೂಡುತ್ತಿರಲಿಲ್ಲ. ಸಗ್ಡನ್ ಮಾಲೀಕರ ಕಡೆ ಸೇರಿದ್ದಾನೆ, ಅವನ ತಂತಿಯೂ ಅವರ ಮಾತು ಕೇಳುತ್ತದೆ ಎಂದು ಊರು ಮಾತಾಡಿಕೊಂಡಿತು.

ಎನೋಕ್ ಸುಮ್ಮನೆ ಕೂರುವವನಲ್ಲ. ಗಿರಣಿಗೆ ಹೇಳಿಕಳಿಸಿ, ಅಪ್ಪಣೆ ಪಡೆದು, ಒಳ್ಳೆಯ ಕೋಟು ಹಾಕಿಕೊಂಡು ಹೋದ. ಮೇಸ್ತ್ರಿ ಕ್ರಾಬ್‌ಟ್ರೀ ಬಾಗಿ ನಮಸ್ಕರಿಸಿ, ಗಡಿಯಾರದ ಹಿಂದಿನ ಚಿಕ್ಕ ಕೋಣೆಯ ಬೀಗ ತೆಗೆದು ತೋರಿಸಿದ. ಎಲ್ಲ ಸರಿಯಾಗಿತ್ತು. ಮತ್ತೊಮ್ಮೆ ಹೋದ, ಆಗಲೂ ಸರಿಯಾಗಿತ್ತು. ಅವತ್ತು ಸಂತೆಪೇಟೆಯಲ್ಲಿ ಹೆಂಗಸರು ಮುತ್ತಿಕೊಂಡಾಗ ಅವನು ಹೇಳಬಾರದ ಮಾತು ಹೇಳಿಬಿಟ್ಟ.

"ನನ್ನ ಗಡಿಯಾರ ಸರಿ ಇದೆ. ಸರಿ ಇಲ್ದೆ ಇರೋದು ನಿಮ್ಮ ಕಾಲು."

ಗಿರಣಿಯ ಕೂಲಿಯವಳ ಮಗ ಆಡಿದ ಮಾತು ಅದು. ಮುಂದಿನ ಭಾನುವಾರ ಚಾಪೆಲಿನ ಪ್ರಾರ್ಥನೆಯಲ್ಲಿ ಸಗ್ಡನ್ ದಂಪತಿಗಳ ಬೆಂಚಿನಲ್ಲಿ ಅವರಿಬ್ಬರೇ ಕೂತಿದ್ದರು. ಕೆಜಾಯಾಳ ಮಗಳು ಗಿರಣಿಯಲ್ಲಿದ್ದಳು, ಆದ್ದರಿಂದ ಕೆಜಾಯಾಳೂ ಗೋಡೆಯಾಚೆಯ ಮಾತು ನಿಲ್ಲಿಸಿದಳು. ಡಾರ್ಕಸ್‌ಗೆ ಸಿಟ್ಟು ಬಂದದ್ದು ಊರಿನ ಮೇಲಲ್ಲ, ಗಂಡನ ಮೇಲೆ. ಆದರೆ ಯಾರ ಮಾತು ನಿಜ ಎಂದು ಅವಳಿಗೂ ಗೊತ್ತಾಗಲಿಲ್ಲ. ನೀರು ಹಾಕುವಾಗ, ತಾನೇ ಎಲ್ಲೋ ಕಡಿಮೆ ಹಾಕಿ ಗಿರಣಿಯ ಪಾಲಿನ ಹೊತ್ತು ಸೊರಗಿತೇನೋ ಎಂದೂ ಅನುಮಾನ ಬಂತು.

ಆ ಚಳಿಗಾಲದಲ್ಲಿ ಎನೋಕ್‌ನ ಎದೆ ಕಟ್ಟಿತು. ಹಾಸಿಗೆಯನ್ನು ನಡುಮನೆಗೇ ತರಿಸಿಕೊಂಡು ಲೋಲಕ ನೋಡುತ್ತ ಮಲಗಿರುತ್ತಿದ್ದ. ಒಂದು ದಿನ ಗಂಜಿ ಕುಡಿಸುತ್ತಿದ್ದವಳ ಕೈ ಹಿಡಿದುಕೊಂಡ.

"ಡಾರ್ಕಸ್, ಆ ಹೆಂಗಸರು ಸುಳ್ಳು ಹೇಳೋರಲ್ಲ. ನನ್ನವ್ವನಂಥೋರೇ ಅವರು."

"ಅಲ್ಲ ಬಿಡು."

"ನನ್ನ ಗಡಿಯಾರಾನೂ ಸುಳ್ಳು ಹೇಳ್ತಿಲ್ಲ."

"ಅದೂ ಹೇಳ್ತಿಲ್ಲ."

"ಹಾಗಾದ್ರೆ ಏನಾಗಿದೆ?"

ಇಷ್ಟು ವರ್ಷದಲ್ಲಿ ಅವನು ಅವಳನ್ನು ಗಡಿಯಾರದ ವಿಷಯ ಕೇಳಿದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡು ಇನ್ನೊಂದು ಚಮಚ ಗಂಜಿ ಅವನ ಬಾಯಿಗಿಟ್ಟಳು.

ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಉಸಿರು ನಿಂತಿತು. ಕರೆಯದೇ ಇದ್ದರೂ ಕೆಜಾಯಾ ಬಂದಳು. ನಮ್ಮ ಬೀದಿಯಲ್ಲಿ ಯಾರೇ ಸತ್ತರೂ ಹೆಣ ತೊಳೆದು ಮಲಗಿಸುವವಳು ಅವಳೇ, ಜಗಳ ಆಮೇಲಿನದು. ಎನೋಕ್‌ನ ಮೂಗಿಗೆ ಕೋಳಿಯ ಗರಿ ಹಿಡಿದು ನೋಡಿದಳು. ಕಣ್ಣು ಮುಚ್ಚಿ ಮೇಲೆ ಪೆನ್ನಿ ಕಾಸು ಇಟ್ಟಳು. ಕಿಟಕಿ ಒಂದಿಷ್ಟು ತೆರೆದಳು, ಕನ್ನಡಿಗೆ ಬಟ್ಟೆ ಮುಚ್ಚಿದಳು, ಪರದೆ ಎಳೆದಳು. ಡಾರ್ಕಸ್ ಮಾತ್ರ ನಿಂತಲ್ಲೇ ನಿಂತಿದ್ದಳು.

"ಗಡಿಯಾರ ಕಣೆ," ಎಂದಳು ಕೆಜಾಯಾ. "ಅದು ಮನೆಯವಳ ಕೆಲಸ. ನಾನು ಮುಟ್ಟಬಾರದು."

ಸತ್ತ ಮನೆಯಲ್ಲಿ ಗಡಿಯಾರ ಓಡಬಾರದು. ಮಣ್ಣು ಮಾಡಿ ಬಂದ ಮೇಲೆಯೇ ಅದನ್ನು ಮತ್ತೆ ನಡೆಸುವುದು. ನಡುವೆ ನಡೆಸಿದರೆ ಹೋದ ಜೀವ ಹೊಸ್ತಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನು ಡಾರ್ಕಸ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ತಾಯಿ ಹೀಗೇ ಮಾಡಿದ್ದಳು, ಅಜ್ಜಿ ಹೀಗೇ ಮಾಡಿದ್ದಳು. ಅವಳು ಗಾಜಿನ ಬಾಗಿಲು ತೆರೆದಳು, ಕೈ ಚಾಚಿ ಲೋಲಕವನ್ನು ಮೆಲ್ಲನೆ ಹಿಡಿದು ನಿಲ್ಲಿಸಿದಳು. ನಾಲ್ಕು ಗಂಟೆ ಹತ್ತು ನಿಮಿಷ. ಕುರ್ಚಿಯಿಂದ ಯಾರೂ ಅರ್ಧ ಏಳಲಿಲ್ಲ. ಆಗಲೇ ಅವಳಿಗೆ ಗಂಡ ಹೋದನೆಂಬುದು ನಿಜವಾಗಿ ಅರಿವಾಯಿತು.

ಊರಿನ ಕಡೆ ಅವಳ ಯೋಚನೆ ಹೋಗಲೇ ಇಲ್ಲ. ಊರಿನಲ್ಲೋ, ಐದೂ ಗಡಿಯಾರಗಳು ಒಮ್ಮೆಗೇ ಕಣ್ಣುಮುಚ್ಚಿದ್ದವು. ಶಾಲೆಯ ಮಾಸ್ತರರು ಬಿಡುವ ಹೊತ್ತಾಗಲೆಂದು ಕಾದು ಕಾದು, ಹೇಳಿದ ಮಗ್ಗಿಯನ್ನೇ ಮತ್ತೆ ಮತ್ತೆ ಹೇಳಿಸಿದರು. ನಿಲ್ದಾಣದ ಹೊರಗೆ ಇನ್ನೂ ಹೊತ್ತಿದೆ ಎಂದು ನಿಂತವರ ಕಣ್ಣೆದುರೇ ರೈಲು ಹೊರಟುಹೋಯಿತು. ಬೇಕರಿಯವನ ರೊಟ್ಟಿ ಕರಕಾಯಿತು. ಗಿರಣಿಯಲ್ಲಿ ಮಾಲೀಕರೂ ಅವರ ಜೇಬುಗಡಿಯಾರವೂ ಬ್ರಾಡ್‌ಫರ್ಡಿಗೆ ಹೋಗಿದ್ದವು. ಬಿಡುವ ಗಂಟೆ ಯಾವಾಗ ಬಾರಿಸಬೇಕೆಂದು ತಿಳಿಯದೆ ಕ್ರಾಬ್‌ಟ್ರೀ ಅತ್ತಿಂದಿತ್ತ ತಿರುಗಿದ. ಕಡೆಗೆ ಹೆಂಗಸರೇ ಹಸಿವಿನ ಲೆಕ್ಕ ಹಿಡಿದು ಮಗ್ಗ ಬಿಟ್ಟು ಹೊರಬಂದರು. ಗೇಟಿನ ಮೇಲೆ ನೋಡಿದರೆ ಸರಿಯಾಗಿ ನಾಲ್ಕು. ಏರು ಹತ್ತಿ ಬಂದು ನೋಡಿದರೆ ಸಂತೆಪೇಟೆಯಲ್ಲಿ ನಾಲ್ಕೂ ಹತ್ತು. ಚರ್ಚಿನಲ್ಲೂ ನಾಲ್ಕೂ ಹತ್ತು.

ಮುಸ್ಸಂಜೆಗೆ ಸಗ್ಡನ್ ಮನೆಯ ಮುಂದೆ ಗುಂಪು ಸೇರಿತು. ಪರದೆಯ ಹಿಂದೆ ನಿಂತು ಡಾರ್ಕಸ್ ಕೇಳಿಸಿಕೊಂಡಳು.

"ಗಿರಣೀದು ಮೊದಲು ನಿಂತು, ಆಮೇಲೆ ಉಳಿದವು ನಿಂತಿವೆ."

"ಹಾಗಲ್ಲ, ಗಿರಣೀದು ಮೊದಲಿಂದಲೂ ಕುಂಟು."

"ಎಲ್ಲಾ ಕೆಟ್ಟಿದೆ. ಕಾಲು ಸರಿ ಇಲ್ಲ ಅಂದ್ನಲ್ಲ, ಬರಲಿ ಈಚೆಗೆ."

ಕೆಜಾಯಾ ಬಾಗಿಲು ತೆರೆದು ನಿಂತು ಅವರ ತುಟಿಗಳನ್ನು ನೋಡಿದಳು. "ಬರಲ್ಲ ಅವನು. ಹೋಗಿಬಿಟ್ಟ," ಎಂದಳು ತನ್ನ ದೊಡ್ಡ ಗಂಟಲಲ್ಲಿ.

ಗಂಡಸರು ಟೋಪಿ ತೆಗೆದರು. ಗುಂಪು ಸದ್ದಿಲ್ಲದೆ ಕರಗಿತು. ಆದರೂ ಹೋಗುತ್ತ ಹೋಗುತ್ತ ಒಬ್ಬಳು, "ಸತ್ತವನನ್ನ ಆಡಿಕೋಬಾರದು. ಆದ್ರೂ ಅವನ ಗಡಿಯಾರ ಕೆಲಸಕ್ಕೆ ಬಾರದ್ದು," ಎಂದದ್ದು ಕಿಟಕಿಯ ಸಂದಿಯಿಂದ ಒಳಗೆ ಬಂತು.

ಡಾರ್ಕಸ್ ಹಾಸಿಗೆಯ ಪಕ್ಕ ಕೂತಳು. ತಾನು ನಿಲ್ಲಿಸಿದ್ದು ತನ್ನ ಮನೆಯದನ್ನು. ಊರಿನದು ಯಾಕೆ ನಿಂತಿತು? ಆಮೇಲೆ, ಓ, ಅದೂ ಇದೂ ಒಂದೇ ಅಲ್ಲವೇ, ಅವನು ಸಾವಿರ ಸಲ ಹೇಳಿದ್ದು ಇದನ್ನೇ ಅಲ್ಲವೇ ಎಂದು ಹೊಳೆಯಿತು. ಅವನು ಎಂದೂ ನಿಲ್ಲಿಸದ್ದನ್ನು ಅವನ ಹೆಣದ ಮುಂದೆಯೇ ತಾನು ನಿಲ್ಲಿಸಿ, ಕೆಟ್ಟ ಗಡಿಯಾರ ಮಾಡಿದವನು ಎಂಬ ಹೆಸರು ಕಟ್ಟಿದ್ದಳು. ಸರಿ, ಹಾಗಾದರೆ ಗಿರಣಿಯದು ನಾಲ್ಕಕ್ಕೇ ಯಾಕೆ ನಿಂತಿತು? ಅದು ಮಾತ್ರ ತಿಳಿಯಲಿಲ್ಲ. ತನ್ನ ಕೈ ಎರಡು ಸಲ ಮುಟ್ಟಿತೇ? ಹತ್ತು ನಿಮಿಷ ಮೊದಲೇ ಅವನ ಜೀವ ಹೋಗಿ, ಗಿರಣಿಗೆ ಮಾತ್ರ ಗೊತ್ತಾಯಿತೇ? ದುಃಖದಲ್ಲಿರುವವಳ ತಲೆಗೆ ಏನೇನೋ ಬರುತ್ತದೆ.

ಮರುದಿನ ಬೆಳಿಗ್ಗೆ ಕ್ರಾಬ್‌ಟ್ರೀ ಬಂದ. ಕಂಕುಳಲ್ಲಿ ಬಿಳಿ ಬಟ್ಟೆ ಸುತ್ತಿದ ದೊಡ್ಡ ಹಂದಿತೊಡೆ. ಮಣ್ಣು ಮಾಡಿ ಬಂದವರಿಗೆ ಹಂದಿತೊಡೆ ಬಡಿಸದಿದ್ದರೆ ನಮ್ಮಲ್ಲಿ ಅದು ಸಾವಿನ ಊಟವೇ ಅಲ್ಲ.

"ಮಾಲೀಕರು ಕಳಿಸಿದಾರೆ ಅಮ್ಮ. ತುಂಬ ನೊಂದ್ಕೊಂಡ್ರು." ಅವನು ಕೂರಲಿಲ್ಲ. "ಒಂದು ಸಣ್ಣ ಮಾತು. ಆ ಗಡಿಯಾರ ಒಂಚೂರು ನಡೆಸಿಬಿಡಿ."

"ಮಣ್ಣಾಗೋ ಮೊದಲು ಹೇಗಪ್ಪ ನಡೆಸಲಿ?"

"ಇವತ್ತು ಪುರಸಭೆ ಸೇರುತ್ತೆ. ನಿಂತೇ ಇದ್ರೆ ತಂತಿಯೆಲ್ಲ ಕಿತ್ತು ಬಿಸಾಕ್ತಾರೆ. ಅವರು ಜೀವ ತೇದು ಮಾಡಿದ್ದು, ನೀವೇ ಮಣ್ಣು ಮಾಡ್ತೀರಾ? ಗಿರಣಿ ಕಡೆ ತಂತಿ ಸವೆದಿತ್ತು, ಅದಕ್ಕೇ ಅದು ಮೊದಲು ನಿಂತಿತು. ತಪ್ಪು ಯಾರದ್ದೂ ಅಲ್ಲ ಅಂತ ನಾವೇ ಹೇಳ್ತೀವಿ."

ಡಾರ್ಕಸ್ ಹೆಣದ ಕಡೆ ನೋಡಿದಳು, ಗಡಿಯಾರದ ಕಡೆ ನೋಡಿದಳು. ನಡೆಸಿದರೆ ಅವನ ಜೀವಕ್ಕೆ ದಾರಿಯಿಲ್ಲ. ನಡೆಸದಿದ್ದರೆ ಅವನ ಹೆಸರಿಗೆ ದಾರಿಯಿಲ್ಲ. ಎನೋಕ್‌ನ ತಾಯಿ ಗೇಟಿನ ಮುಂದೆ ನಿಂತ ಹಾಗೆ ಅವಳು ಎರಡರ ನಡುವೆ ನಿಂತಳು. ಅವನಿದ್ದಿದ್ದರೆ ಏನೆನ್ನುತ್ತಿದ್ದ? ನಡೆಸು ಅನ್ನುತ್ತಿದ್ದ, ಅನುಮಾನವೇ ಇಲ್ಲ. ಕ್ಷಮಿಸಪ್ಪ ದೇವರೇ ಎಂದುಕೊಂಡು ಗಾಜಿನ ಬಾಗಿಲು ತೆರೆದಳು. ಕೈ ಲೋಲಕದ ಹತ್ತಿರ ಹೋಗಿತ್ತು.

ಆಗ ಬಾಗಿಲಲ್ಲಿ ಗದ್ದಲವಾಯಿತು. ಬೆಳಗಿನ ತಿಂಡಿಗೆ ಬಿಟ್ಟಿದ್ದ ನೇಯುವ ಹೆಂಗಸರು, ತಲೆಯ ಮೇಲೆ ಶಾಲು, ಕಾಲಲ್ಲಿ ಮರದ ಅಟ್ಟೆಯ ಪಾದರಕ್ಷೆ ಟಕಟಕ ಅನ್ನಿಸುತ್ತ ಬಂದಿದ್ದರು. ಮುಂದೆ ಕೆಜಾಯಾ, ಅವಳ ಪಕ್ಕ ಮಗಳು.

"ಡಾರ್ಕಸ್, ನನ್ನ ಕಡೆ ತಿರುಗು, ತುಟಿ ಕಾಣಬೇಕು," ಎಂದಳು ಕೆಜಾಯಾ. "ನಿನ್ನೆ ನಿಲ್ಲಿಸಿದ ಮೇಲೆ ಇದನ್ನ ಮತ್ತೆ ಮುಟ್ಟಿದ್ಯಾ?"

"ಇಲ್ಲ. ಈಗ ಮುಟ್ಟೋಣ ಅಂತಿದ್ದೆ."

"ರಾತ್ರಿ?"

"ಇಲ್ಲ ಅಂದ್ನಲ್ಲ. ಯಾಕೆ?"

"ನಿನ್ನೆ ಇವರೆಲ್ಲ ಹೊರಗೆ ಬರೋವಾಗ ಗಿರಣೀದು ನಾಲ್ಕು ತೋರಿಸ್ತಿತ್ತು. ಎಷ್ಟು ಜನ ನೋಡಿದಾರೆ ಗೊತ್ತಾ. ಇವತ್ತು ಬೆಳಿಗ್ಗೆ ಹೋದ್ರೆ ನಾಲ್ಕೂ ಹತ್ತು. ಸಂತೆಪೇಟೇದು ಅಲ್ಲೇ ಇದೆ, ಚರ್ಚಿಂದು ಅಲ್ಲೇ ಇದೆ, ನಿಂದೂ ಅಲ್ಲೇ ಇದೆ. ಊರೆಲ್ಲ ನಿಂತಿರೋವಾಗ ಗಿರಣೀದು ಮಾತ್ರ ಹತ್ತು ನಿಮಿಷ ಹೇಗೆ ನಡೀತು?"

ಒಬ್ಬೊಬ್ಬರ ಕಣ್ಣೂ ನಿಧಾನವಾಗಿ ಕ್ರಾಬ್‌ಟ್ರೀಯ ಸೊಂಟದ ಬೀಗದಕೈ ಗೊಂಚಲಿನ ಮೇಲೆ ಹೋಗಿ ಕೂತಿತು. ಪಾಪ, ಆಸಾಮಿ ಬುದ್ಧಿವಂತಿಕೆ ಮಾಡಿದ್ದ. ಎಲ್ಲ ಗಡಿಯಾರವೂ ಒಂದೇ ತೋರಿಸಿದರೆ ಬಾಯಿಗಳು ಮುಚ್ಚುತ್ತವೆ ಎಂದು, ಎಲ್ಲರೂ ಹೋದ ಮೇಲೆ ಹಿಂದಿನ ಕೋಣೆಗೆ ಹೊಕ್ಕು ಮುಳ್ಳನ್ನು ಬೆರಳಿನಿಂದ ಮುಂದೆ ನೂಕಿದ್ದ. ದಿನಾ ಮಧ್ಯಾಹ್ನ ಊಟದ ನಂತರ ಹಿಂದಕ್ಕೆ, ಸಂಜೆ ಗಿರಣಿ ಬಿಟ್ಟ ಮೇಲೆ ಮತ್ತೆ ಮುಂದಕ್ಕೆ ನೂಕುತ್ತಿದ್ದ ಅದೇ ಬೆರಳು. ಎನೋಕ್ ಹೇಳಿಕಳಿಸಿ ಬರುತ್ತಿದ್ದ ದಿನಗಳಲ್ಲಿ ನೂಕುತ್ತಿರಲಿಲ್ಲ, ಅಷ್ಟೆ. ಕೂದಲೆಳೆಯಂಥ ತಂತಿಯಲ್ಲಿ ಕೆಲಸ ಮಾಡಿದವನಿಗೆ, ಒಬ್ಬ ಮೇಸ್ತ್ರಿ ಬೆರಳು ತೂರಿಸಿ ಮುಳ್ಳು ನೂಕಬಹುದು ಎಂಬುದು ಹೊಳೆದೇ ಇರಲಿಲ್ಲ.

"ನನಗೇನೂ ಗೊತ್ತಿಲ್ಲ," ಎಂದ ಕ್ರಾಬ್‌ಟ್ರೀ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಡಾರ್ಕಸ್‌ಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಕೆಜಾಯಾಳ ಮುಖ ನೋಡಿದಳು, ಹೆಂಗಸರ ಮುಖ ನೋಡಿದಳು. "ಹಾಗಾದ್ರೆ ಎನೋಕ್‌ದು ಕೆಟ್ಟಿರಲಿಲ್ವಾ?" ಎಂದು ಚಿಕ್ಕ ಹುಡುಗಿಯ ಹಾಗೆ ಕೇಳಿದಳು.

"ಇಲ್ಲಮ್ಮ," ಎಂದಳು ಕೆಜಾಯಾಳ ಮಗಳು. ಹಿಂದಿನ ಸಂಜೆ ಕಿಟಕಿಯ ಸಂದಿಯಿಂದ ಬಂದಿದ್ದು ಅವಳದೇ ದನಿ. "ನಮ್ಮ ಕಾಲೂ ಕೆಟ್ಟಿರಲಿಲ್ಲ."

ಡಾರ್ಕಸ್ ಗಾಜಿನ ಬಾಗಿಲು ಮುಚ್ಚಿದಳು. "ಕ್ರಾಬ್‌ಟ್ರೀ ಅವರೇ, ಮಣ್ಣಾದ ಮೇಲೆ ನಡೆಸ್ತೀನಿ. ನಮ್ಮಲ್ಲಿ ಹಾಗೇ ಮಾಡೋದು," ಎಂದಳು. ಅವನು ಹಂದಿತೊಡೆಯನ್ನು ಮೇಜಿನ ಮೇಲಿಟ್ಟು, ಶಾಲುಗಳ ನಡುವೆ ದಾರಿ ಮಾಡಿಕೊಂಡು ಹೊರಟ. ಕೆಜಾಯಾ ಅದನ್ನೆತ್ತಿ ಅವನ ಕೈಗೇ ತುರುಕಿದಳು.

ಆ ಸುದ್ದಿ ಪುರಸಭೆಗೂ ಹೋಯಿತು. ತಂತಿ ಕೀಳುವ ಮಾತನ್ನು ಯಾರೂ ಎತ್ತಲಿಲ್ಲ. ಮಣ್ಣಾಗುವ ತನಕ ಊರು ಹೊತ್ತಿಲ್ಲದೆ ಬದುಕಿತು. ಬಿಸಿಲು ನೋಡಿ ಎದ್ದರು, ಹಸಿವಾದಾಗ ಉಂಡರು. ಪೇಟೆಗೆ ಬಂದವರೆಲ್ಲ ಗಿರಣಿಯ ಗೇಟಿನ ತನಕ ಹೋಗಿ ತಲೆಯೆತ್ತಿ ನೋಡಿ ಬಂದರು. ಶವಪೆಟ್ಟಿಗೆಯ ಹಿಂದೆ ಮೂರು ನಾಲ್ಕು ಜನ ಬಂದರೆ ಹೆಚ್ಚು ಎಂದುಕೊಂಡಿದ್ದ ಡಾರ್ಕಸ್ ತಿರುಗಿ ನೋಡಿದಾಗ, ಶಾಲು ಹೊದ್ದ ತಲೆಗಳು ಬೀದಿಯ ತಿರುವಿನಾಚೆಗೂ ಇದ್ದವು. ಗಿರಣಿ ಆ ದಿನ ನಡೆಯಲಿಲ್ಲ.

ಮನೆಗೆ ಬಂದ ಮೇಲೆ ನಿಲ್ದಾಣದ ಮಾಸ್ತರರು ತಮ್ಮ ಜೇಬುಗಡಿಯಾರ ಹಿಡಿದು ಹೊತ್ತು ಹೇಳಿದರು; ಊರಿನ ಐದೂ ಕಡೆ ಮುಳ್ಳುಗಳನ್ನು ಆ ಹೊತ್ತಿಗೆ ಮೊದಲೇ ತಿರುಗಿಸಿಟ್ಟಿದ್ದರು. ಡಾರ್ಕಸ್ ಮುಳ್ಳು ತಿರುಗಿಸಿ ಲೋಲಕವನ್ನು ತಳ್ಳಿದಳು. ಸಂತೆಪೇಟೆಯ ಕಡೆಯಿಂದ ಜನರ ಗುಜುಗುಜು ಕೇಳಿಸಿತು. ಬಂದವರು ಟೀ ಕುಡಿದು, ಕೇಕು ತಿಂದು ಹೊರಟರು. ಕೆಜಾಯಾಳೂ ಹೋದಳು.

ಆಗ ಅವಳಿಗೆ ಸಿಟ್ಟು ಬಂತು, ಗಂಡನ ಮೇಲೆ, ತಡೆಯಲಾರದಷ್ಟು. ಒಂದೇ ಒಂದು ಸಲ, ಒಂದು ಮಧ್ಯಾಹ್ನ, ಅವನೇ ಎದ್ದು ಇದನ್ನು ನಿಲ್ಲಿಸಿ ಊರು ಸುತ್ತಿ ಬಂದಿದ್ದರೆ ಸಾಕಾಗಿತ್ತು, ಗಿರಣಿಯದು ಮಾತ್ರ ಹಿಂದೆ ನಿಂತಿರುವುದು ಕಣ್ಣಿಗೆ ಬೀಳುತ್ತಿತ್ತು. ಆದರೆ ನಿಲ್ಲದ ಗಡಿಯಾರ ಮಾಡಿದವನಿಗೆ ನಿಲ್ಲಿಸುವುದು ಹೇಗೆ ಹೊಳೆದೀತು? ಅದಕ್ಕೆ ಏನೂ ತಿಳಿಯದ ಹೆಂಡತಿಯೇ ಬೇಕಾಯಿತು, ಅದೂ ಅವನು ಸತ್ತ ಮೇಲೆ.

ಅವಳು ನೀರಿನ ಡಬ್ಬ ತೆಗೆದುಕೊಂಡು ಹಿತ್ತಲಿಗೆ ಹೋದಳು. ಮಳೆ ಬಂದು ಮಣ್ಣು ತೊಯ್ದಿತ್ತು, ನೀರು ಬೇಕಾಗಿರಲಿಲ್ಲ. ಆದರೂ ಬಗ್ಗಿ ಸುರಿದಳು.

"ಯಾರೂ ಸುಳ್ಳು ಹೇಳ್ತಿರಲಿಲ್ಲ ಎನೋಕ್," ಎಂದಳು. "ಆ ಹೆಂಗಸರೂ ಇಲ್ಲ, ನಿನ್ನ ಗಡಿಯಾರಾನೂ ಇಲ್ಲ. ಕೇಳಿದ್ಯಲ್ಲ, ಅದಕ್ಕೆ ಹೇಳ್ತಾ ಇದೀನಿ."